ಎಡಗೈಯ ಎಳಿ

ನಾ ಉದ್ಯಮಬಾಗದಾಗ ಲೇಥ್ ನಡಸಾಂವ. ಮುಳುಗಿದವರನ್ನ ಹುಡುಕಿ ತರೂ ಮಾಯಪ್ಪಣ್ಣನ ರಬ್ಬರ್ ಕೈಗವಸನ್ನ ಅವನ ಮುಳುಗೂ ಅಂಗಿಯ ತೋಳಿಗೆ ಕೂಡಸೂ ರಿಂಗ್ ಮಾಡಿಕೊಟ್ಟಾಂವ ನಾನ. ಆ ರಿಂಗ್ ಕಟಕ್ ಅಂತ ಕುಂತಿತಂದ್ರ ಒಂದು ಹನಿ ನೀರೂ ಒಳಗ ಹೋಗೂದಿಲ್ಲ.

ಗವಸು ಆರಿಸೂದ್ರಾಗ ಅವನಂಥಾ ಶಾಣ್ಯಾನ್ನ ನಾ ನೋಡಿಲ್ಲ. ಒಂದು ಅಳತಿ ದೊಡ್ಡದ ತಗೋತಿದ್ದ, ಹೆಂಡ್ತಿ ರೇಣವ್ವ ಕಂಬಳಿ ನೂಲಿಲೆ ಹೆಣೆದ ಗವಸು ಒಳಗ ಹಿಡೀಲಿ ಅಂತ. ಮಣಿಕಟ್ಟಿನ ಬಿಗಿ ಪಟ್ಟಿ ಕೆಳಗ ಒಂದು ಕರೀ ಕಂಬಳಿ ಎಳಿ ಇಡತಿದ್ದ. ಆ ಸಂದಿಲಿಂದ ಅಂಗಿಯೊಳಗಿನ ಬಿಸಿ ಗಾಳಿ ಬೆರಳಿನತನಕ ಬರತದ. ಎಳಿ ಇಲ್ಲಂದ್ರ ತಳದಾಗ ಗವಸು ಕೈಗೆ ಅಂಟಿ ಬೆರಳು ಮರಗಟ್ಟತಾವು. ಕತ್ತಲಿಯೊಳಗ ತಡವಿ ಹುಡಕೂ ಕೈ ಹೋದಂಗ.

ಹ್ವಾದ ಡಿಸೆಂಬರದಾಗ ದೇಸೂರ ಬಾಜು ನೀರು ತುಂಬಿದ ಕಲ್ಲಿನ ಖಣಿಯೊಳಗ ಒಬ್ಬಾಕಿ ಬಿದ್ದಿದ್ಲು. ಆಕಿ ತಾಯಿಯ ಅಳು ಕೇಳಲಾರದ ಮಾಯಪ್ಪಣ್ಣ ಗಡಬಡಿಸಿ ಇಳದ. ಅವ ಮುಳುಗಿದ ಮ್ಯಾಲ ನೋಡತೀನಿ, ಎಡಗೈಗೆ ಇಡೂ ಎಳಿ ಕಲ್ಲಿನ ಮ್ಯಾಲನ ಬಿದ್ದೈತಿ. ಅವನ ನಡಾಕ ಕಟ್ಟಿದ ಹಗ್ಗ ಜಗ್ಗಿದೆ. ಆರಾಮ ಅದೀನಿ ಅಂತ ತಿರುಗಿ ಜಗ್ಗಿದ.

ಕಡೀಕ ಆಕಿ ಹೆಣಾ ಎತ್ತಿಕೊಂಡ ಬಂದ.

“ಎಡಗೈ ಹೆಂಗೈತಿ, ಅಣ್ಣಾ?”

“ಬಲಗೈಗೆ ಥಂಡಿ ಹತ್ತೇತಿ. ಎಡಗೈ ಬೆಚ್ಚಗೈತಿ. ಆಕಿನ್ನ ಹುಡುಕಿದ್ದ ಅದು.”

ಎಡಗೈಯ ರಿಂಗ್ ನಾನ ಬಿಚ್ಚಿದೆ. ಕಂಬಳಿ ಗವಸು ಒಣಾ ಒಣಾ ಇತ್ತು. ಪಟ್ಟಿ ಕೆಳಗ, ಕರೀ ಎಳಿ ಇರೂ ಜಾಗಾದಾಗ, ಹಸರು ಎಳಿ ಒಂದಿತ್ತು. ಆಕಿ ಸೀರಿ ಅಂಚೂ ಹಸರ ಇತ್ತು.

ಮಾಯಪ್ಪಣ್ಣ ಆಕಿಗೆ ಕೈ ಮುಗದ. ನಾ ಆ ಎಳಿ ಬೆರಳಿನಾಗ ಹಿಡದೆ. ಗವಸಿನಾಗ ಅದೊಂದ ತೊಯ್ದಿತ್ತು.