ಉಗುರು ಕೊರೆಯದ ಬಿಟ್

"ಇನ್ ನಿಮ್ಮ ಸವಾಸ ಸಾಕು. ತಗಳ್ಳಿ ನಿಮ್ಮ ಬಿಟ್ಟು!"

ಸ್ಪಂದನ ಡಬ್ಬಿಯನ್ನು ಕೌಂಟರ್ ಮೇಲೆ ಕುಕ್ಕಿದಳು. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದಳು, ದಾರಿಯುದ್ದಕ್ಕೂ ಬೈಗುಳ ಬಾಯಿಪಾಠ ಮಾಡುತ್ತಾ.

ಬ್ಯೂಟಿ ಪಾರ್ಲರ್ ಸಾಮಾನು ಮಾರುವ ವಿಜಯಕುಮಾರ್ ಪೆದ್ದನಂತೆ ನೋಡಿದ. ಉಗುರು ಉಜ್ಜುವ ಮಿಷನ್ನಿಗೆ ಸಿಕ್ಕಿಸುವ ಬಿಟ್‌ಗಳನ್ನು ಅವಳಿಗೆ ಬದಲಿಸಿ ಬದಲಿಸಿ ಕೊಟ್ಟು ಅವನಿಗೂ ಸಾಕಾಗಿತ್ತು. ಒರಟಾದದ್ದು, ನಯವಾದದ್ದು, ಸೆರಾಮಿಕ್ಕಿನದು... ಅವಳದು ಒಂದೇ ದೂರು: ಉಗುರಿನ ಮೇಲಿನ ಹಳೆ ಜೆಲ್ ಪಾಲಿಶ್ ಕೊರೆಯಲ್ಲ, ಬರೀ ಬಿಸಿಯಾಗುತ್ತೆ. ಅವನದು ಒಂದೇ ಉತ್ತರ: ಮಾಲು ಚೆನ್ನಾಗಿದೆ.

ಈ ಇಬ್ಬರ ಹಟಕ್ಕೆ ಏನು ಹೇಳೋಣ! ವಾರವಾರ ಹಿಂದೂಪುರಕ್ಕೆ ಸಾಮಾನು ತಂದರೂ ಅವನು ನಿಲ್ಲುವುದು ಅವಳಿರುವ ಪಾರ್ಲರಿನ ಪರದೆಯ ಹೊರಗೆ. ಒಳಗೆ ಗಂಡಸರು ಕಾಲಿಡುವಂತಿಲ್ಲ. ಅವಳು ಕೆಲಸ ಮಾಡುವುದನ್ನು ಒಮ್ಮೆಯೂ ನೋಡಿದವನಲ್ಲ. ಆದರೂ ಆ ಪರದೆಯ ಹತ್ತಿರ ಆಡಿದ ನಾಲ್ಕು ಮಾತಿಗೇ ಅವಳು ಮನಸ್ಸು ಕೊಟ್ಟುಬಿಟ್ಟಿದ್ದಳು.

ಅವಳ ಮನಸ್ಸಿನ ಉರಿ ಇದ್ದದ್ದೇ ಅಲ್ಲಿ. ನಿನ್ನೆ ಮದುಮಗಳು ಪ್ರಮೀಳಾ 'ಮಂಟ, ಮಂಟ' ಎಂದು ತೆಲುಗಿನಲ್ಲಿ ಕೂಗಿ, ಉರಿ ತಾಳದೆ ಕೈ ಕೊಸರಿಕೊಂಡು ಎದ್ದು ಹೋಗಿದ್ದಳು. ಆ ಹುಡುಗ ನಿನಗೆ ಡೂಪ್ಲಿಕೇಟ್ ಮಾಲು ಅಂಟಿಸುತ್ತಿದ್ದಾನೆ ಎಂದು ಪಾರ್ಲರಿನ ಓನರಮ್ಮ ಹಂಗಿಸಿದ್ದಳು.

'ನಾನು ಇಷ್ಟಪಟ್ಟವನು ಮೋಸಗಾರನಾ?' ರಾತ್ರಿಯೆಲ್ಲ ಇದೇ ಯೋಚನೆ...

"ನಿಜ ಹೇಳ್ಬುಡಿ. ನಂಗೆ ಮೋಸ ಮಾಡ್ತಾ ಇದೀರಾ?"

ಅವನಿಗೂ ರೇಗಿತು. ಅದೇ ಬಿಟ್ಟನ್ನು ಅಂಗಡಿಯ ಮಿಷನ್ನಿಗೆ ಸಿಕ್ಕಿಸಿ, ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಪ್ಲಾಸ್ಟಿಕ್ ಉಗುರಿನ ಬಣ್ಣವನ್ನು ಸಲೀಸಾಗಿ ಕೆರೆದು ತೋರಿಸಿದ. ಅವಳು ಕಣ್ಣು ಕಣ್ಣು ಬಿಟ್ಟಳು. ಮಿಷನ್ ಕಿತ್ತುಕೊಂಡು, ತನ್ನ ಕೈಗೆ ಒಗ್ಗುವಂತೆ ಹಿಮ್ಮುಖ ತಿರುಗಿಸುವ ಬಟನ್ ಒತ್ತಿದಳು. ಬಿಟ್ ಜಾರಿತೇ ಹೊರತು ಕೊರೆಯಲಿಲ್ಲ.

ಅವನು ಬಿಟ್ಟನ್ನು ನೋಡಲಿಲ್ಲ, ಅವಳ ಕೈ ನೋಡಿದ.

"ಎಡಗೈಯಾ? ಇಷ್ಟ್ ದಿನ ಯಾಕ್ ಹೇಳ್ಲಿಲ್ಲ? ಇವೆಲ್ಲ ಬಲಗೈಯೋರ್ಗೆ ಮಾಡಿರೋವು, ಒಂದೇ ಕಡೆ ತಿರುಗಿದ್ರೆ ಕೊರೀತವೆ. ನಿಂಗೆ ಎರಡೂ ಕಡೆ ಕೊರೆಯೋದು ಬೇಕು ಕಣಮ್ಮ."

ಅವಳ ಮುಖ ಸಪ್ಪಗಾಯಿತು. ಅವನಿಂದ ಡಬ್ಬಿ ಇಸಿದುಕೊಳ್ಳುವಾಗೆಲ್ಲ ಮರೆಯದೆ ಬಲಗೈ ಚಾಚುತ್ತಿದ್ದಳು. ಹಿಂದೊಮ್ಮೆ ಪರಿಗಿ ಊರಿನಿಂದ ಅವಳನ್ನು ಹೆಣ್ಣು ನೋಡಲು ಬಂದವರು, ಎಡಗೈಯಲ್ಲಿ ಬಡಿಸಿದಳೆಂದು ತಟ್ಟೆ ಸರಿಸಿ ಎದ್ದುಹೋಗಿದ್ದರು. ತಲೆತಗ್ಗಿಸಿ ಅದನ್ನೂ ಹೇಳಿಬಿಟ್ಟಳು.

"ನೀವೂ ಹೋಗ್ಬುಡ್ತೀರಿ ಅಂತ ಭಯ ಆಯ್ತು..."

"ನನ್ನಂಗಡಿ ಬುಟ್ಟು ನಾನೆಲ್ಲಿಗ್ ಹೋಗ್ಲಿ?"

ಅವನು ಕಪಾಟು ತಡಕಿ ಬೇರೆ ಬಿಟ್ ಸಿಕ್ಕಿಸಿ ಮಿಷನ್ನನ್ನು ಅವಳ ಎಡಗೈಗೇ ಕೊಟ್ಟ. ಈ ಸಲ ಬಣ್ಣ ಪುಡಿಪುಡಿಯಾಗಿ ಉದುರಿತು. ಇಷ್ಟಕ್ಕಾಗಿ ಎಷ್ಟು ಜಗಳ! ಅವಳಿಗೆ ಅಳುವೂ ಬಂತು, ಅವನ ಮೇಲೆ ಸಿಟ್ಟೂ ಬಂತು.

"ನಮ್ಮಮ್ಮನ್ನ ಕರ್ಕೊಂಡ್ ನಿಮ್ಮನೇಗ್ ಬತ್ತೀನಿ," ಎಂದ ಅವನು ಮೆಲ್ಲಗೆ. "ಎಡಗೈಲೇ ಬಡ್ಸು."

"ಅವ್ರು ಬೈದ್ರೆ?"

"ಬೈತಾಳೆ. ನನ್ನೂ ದಿನಾ ಬೈತಾಳೆ. ಇಬ್ರೂ ಒಟ್ಗೆ ಬೈಸ್ಕಳ್ಳಾನ."

ಸ್ಪಂದನ ಕಣ್ಣೊರೆಸಿಕೊಂಡಳು.

"ಯಾವತ್ತು ಬತ್ತೀರ? ಸರಿಯಾಗ್ ಹೇಳಿ. ಸುಮ್ನೆ ಕಾಯಕ್ ನನ್ ಕೈಲಾಗಲ್ಲ."