ಟೆಂಟ್ ಕೊಳ್ಳದ ಆರು ಬುಧವಾರ

ಮೊದಲ ಬುಧವಾರ ನಾನು ಆ ಅಂಗಡಿಗೆ ಹೋದದ್ದು ನಿಜವಾಗಿಯೂ ಟೆಂಟಿಗಾಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವುದರಲ್ಲಿ ನನ್ನ ಪರವಾಗಿರುವ ಮಾತು ಇದೊಂದೇ.

ನಾನು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ಸದ್ದಿಲ್ಲದ ಪುಟ್ಟ ಕೋಣೆಯೊಳಗೆ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಬೀಪ್ ಕೇಳಿಸಿದಾಗ ಬಟನ್ ಒತ್ತಿ ಎನ್ನುತ್ತೇನೆ. ಕೇಳಿಸದಿದ್ದರೂ ಒತ್ತುವವರಿದ್ದಾರೆ. ಕೇಳಿಸಲಿಲ್ಲ ಎನ್ನಲು ನಾಚಿಕೆ. ಗಾಜಿನ ಈಚೆ ಕೂತು ನಾನು ಅವರ ಮುಖ ನೋಡುತ್ತಿರುತ್ತೇನೆ. ಸುಳ್ಳು ಒತ್ತುವ ಬೆರಳಿಗಿಂತ ಮೊದಲು ಕಣ್ಣು ಪಕ್ಕಕ್ಕೆ ಸರಿಯುತ್ತದೆ. ಅದನ್ನು ಹಿಡಿಯುವುದರಲ್ಲಿ ನಾನು ನಿಸ್ಸೀಮಳು ಎಂದು ಎಲ್ಲರೂ ಹೇಳುತ್ತಾರೆ. ಆಸ್ಪತ್ರೆಯಲ್ಲಿ ನನ್ನ ಹೆಸರೇ ಬೀಪ್ ಮೇಡಂ.

ವರ್ಷದ ಕೊನೆಗೆ ಆಸ್ಪತ್ರೆಯ ನಾವು ಎಂಟು ಜನ ಬೆಟ್ಟದ ಬುಡದಲ್ಲಿ ಎರಡು ದಿನ ಕ್ಯಾಂಪ್ ಹಾಕುವುದೆಂದು ನಿಶ್ಚಯವಾಗಿತ್ತು. ಅವರವರ ಟೆಂಟ್ ಅವರವರೇ ತರಬೇಕು. ಬುಧವಾರ ನನಗೆ ಅರ್ಧ ದಿನ ಕೆಲಸ. ಹಾಗಾಗಿ ಹೋದೆ.

ಟೆಂಟ್ ವಿಭಾಗದವರು ಎತ್ತರದ ಆಳು. ತೋಳು ಮಡಚಿದ ನೀಲಿ ಶರ್ಟು, ಕತ್ತಿನಲ್ಲಿ ತೂಗುಬಿಟ್ಟ ಅಳತೆ ಟೇಪು. ಪ್ಲಾಸ್ಟಿಕ್ ಹುಲ್ಲಿನ ಮೇಲೆ ಟೆಂಟ್ ಕಟ್ಟಿ ನಿಲ್ಲಿಸಿ, "ಒಳಗೆ ಹೋಗಿ ಮಲಗಿ ನೋಡಿ" ಎಂದರು.

"ಮಲಗೋದಾ? ಇಲ್ಲೇನಾ?"

"ಚಪ್ಪಲಿಗೆ ಕಾಲು ಹಾಕಿ ನೋಡದೆ ತಗೋತೀರಾ?"

ನಾನು ಒಳಗೆ ತೆವಳಿ ಮಲಗಿದೆ. ಪಾದಗಳು ಹೊರಗೇ ಉಳಿದವು. ಬಟ್ಟೆಯ ಮೇಲೆ ಅವರ ನೆರಳು ಬಗ್ಗಿತು.

"ಏನು ಕೇಳಿಸ್ತಿದೆ?" ಎಂದಿತು ನೆರಳು.

"ಬಿಲ್ಲಿಂಗ್ ಮಷೀನಿನ ಬೀಪು."

"ಅಲ್ಲಿ ಅದಿರಲ್ಲ ಬಿಡಿ."

"ನನ್ನ ಹೊಟ್ಟೆಪಾಡೇ ಬೀಪು" ಎಂದೆ. ಯಾಕೆ ಹಾಗೆಂದೆನೋ. ಅಪರಿಚಿತರ ಹತ್ತಿರ ಒಂದಕ್ಕೆ ಎರಡು ಮಾತಾಡುವವಳಲ್ಲ ನಾನು. ನೆರಳು ನಕ್ಕಿತು. ಟೆಂಟಿನ ಬಟ್ಟೆಯೇ ನಕ್ಕಂತಾಯಿತು.

ಡಬ್ಬದ ಮೇಲೆ ಇಬ್ಬರ ಟೆಂಟ್ ಎಂದು ಬರೆದಿತ್ತು. ಹೊರಬಂದು ಕೂದಲು ಸರಿಮಾಡಿಕೊಳ್ಳುತ್ತಾ, "ಇದರಲ್ಲಿ ಇಬ್ಬರು ಹಿಡೀತಾರಾ?" ಎಂದೆ.

"ಕಂಪನಿಯವರ ಲೆಕ್ಕ ಬೇರೆ. ಮೂವರು ಅಂತ ಬರೆದಿದ್ರೆ ಇಬ್ಬರು. ಇಬ್ಬರು ಅಂತ ಬರೆದಿದ್ರೆ ಒಬ್ಬರು." ಗೂಟಗಳನ್ನು ಚೀಲಕ್ಕೆ ಹಾಕುತ್ತಾ ಮುಂದುವರಿಸಿದರು: "ಇಲ್ಲಾ, ಜಗಳ ಆಡದ ಇಬ್ಬರು."

ಬೆಲೆ ಕೇಳಿದೆ. ಹೇಳಿದರು. ನನ್ನ ಮುಖ ನೋಡಿ, "ಅವಸರ ಇಲ್ಲ ಅಂದ್ರೆ ಕಾಯಿರಿ. ಸೀಸನ್ ಮುಗೀತಾ ಬಂತು, ಇಳಿಯುತ್ತೆ" ಎಂದರು.

"ಯಾವಾಗ?"

"ಮುಂದಿನ ವಾರ ಒಂದ್ಸಲ ಬಂದು ಕೇಳಿ."

ಮುಂದಿನ ವಾರ ಬಂದು ಕೇಳಿದೆ. ಇನ್ನೂ ಇಲ್ಲ ಎಂದರು. ಮೂರನೇ ವಾರ ಸ್ಲೀಪಿಂಗ್ ಬ್ಯಾಗ್ ಮಡಚುವುದು ಹೇಗೆಂದು ಹೇಳಿಕೊಟ್ಟರು. "ಮಡಚೋದಲ್ಲ ಮೇಡಂ, ತುರುಕೋದು. ನೀವು ಇಷ್ಟೊಂದು ನೀಟಾಗಿ ಮಾಡಿದ್ರೆ ಅದಕ್ಕೇ ಗಾಬರಿ ಆಗುತ್ತೆ." ನಾಲ್ಕನೇ ವಾರ, ನಾನು ಬಾಗಿಲು ದಾಟುವ ಮೊದಲೇ ಅವರು ಗಡಿಯಾರ ನೋಡುತ್ತಿದ್ದದ್ದನ್ನು ನೋಡಿದೆ. ನೋಡಿದೆನೆಂದು ಅವರಿಗೂ ಗೊತ್ತಾಯಿತು. ಇಬ್ಬರೂ ಬೇಗಬೇಗನೆ ಲಾಂದ್ರಗಳ ಬಗ್ಗೆ ಮಾತಾಡಿದೆವು.

ಐದನೇ ಬುಧವಾರ ಅವರು ಸುತ್ತ ನೋಡಿ, ಡಬ್ಬವನ್ನು ಮಗುಚಿ ತೋರಿಸಿದರು. ತಳದಲ್ಲಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಹಸಿರು ಚುಕ್ಕೆ.

"ಇದು ಇರೋ ಮಾಡೆಲ್ ಮತ್ತೆ ತರಿಸಲ್ಲ. ಸೇಲ್ ದಿನ ಅರ್ಧಕ್ಕೆ ಬರುತ್ತೆ. ಕಸ್ಟಮರ್‌ಗೆ ಇದು ಹೇಳಬಾರದು, ನಮಗೆ ರೂಲ್ಸ್. ನಿಮಗೊಬ್ಬರಿಗೇ ಹೇಳ್ತಿರೋದು."

"ಯಾಕೆ?"

"ಯಾಕೋ" ಎಂದರು, ಡಬ್ಬವನ್ನೇ ನೋಡುತ್ತಾ.

ಆ 'ಯಾಕೋ'ವನ್ನು ನಾನು ಒಂದು ವಾರ ಬಾಯಲ್ಲಿಟ್ಟುಕೊಂಡು ಓಡಾಡಿದೆ. ಆರನೇ ಬುಧವಾರ ಏನನ್ನೂ ಕೇಳಲಿಲ್ಲ, ಸುಮ್ಮನೆ ಹೋಗಿ ಬಂದೆ.

ಮಾರನೆಯ ದಿನ ಕ್ಯಾಂಟೀನಿನಲ್ಲಿ ನಮ್ಮ ಕ್ಯಾಂಪ್ ಗುಂಪಿನ ಫಿಸಿಯೋ ಅದೇ ಟೆಂಟನ್ನು ಪೂರ್ತಿ ಬೆಲೆಗೆ ಕೊಳ್ಳಲು ಹೊರಟಿದ್ದಳು. ನಾನು ಸುಮ್ಮನಿರಬಹುದಿತ್ತು. ಆದರೆ ಎಂಟು ಜನರ ನಡುವೆ ಯಾವತ್ತೂ ಮೂಲೆಯಲ್ಲಿ ಕೂರುವವಳಿಗೆ, ಎಲ್ಲರಿಗೂ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಎಂದು ತೋರಿಸುವ ಆಸೆ. "ಕಾಯಿರಿ. ತಳದಲ್ಲಿ ಹಸಿರು ಚುಕ್ಕೆ ಇದ್ರೆ ಅರ್ಧಕ್ಕೆ ಸಿಗುತ್ತೆ. ಅಂಗಡಿಯವರೇ ಹೇಳಿದ್ದು" ಎಂದೆ. ಸಂಜೆಯೊಳಗೆ ಅದು ಆಸ್ಪತ್ರೆಯ ಗ್ರೂಪ್‌ನಲ್ಲಿತ್ತು. ಗ್ರೂಪ್‌ನಲ್ಲಿ ಅರವತ್ತು ಜನ.

ಶನಿವಾರ ಫಿಸಿಯೋ ಮತ್ತು ಎಕ್ಸ್‌ರೇಯವಳು ನನ್ನನ್ನೂ ಎಳೆದುಕೊಂಡು ಅಂಗಡಿಗೆ ಹೋದರು. ಒಳಗೆ ನಮ್ಮ ಆಸ್ಪತ್ರೆಯ ಮುಖಗಳೇ ಐದಾರು, ಡಬ್ಬಗಳನ್ನು ತಲೆಕೆಳಗು ಮಾಡಿ ನೋಡುತ್ತಿದ್ದವು. ಮ್ಯಾನೇಜರು ಟೆಂಟ್ ವಿಭಾಗದಲ್ಲಿ ಕೆಂಪಗೆ ನಿಂತಿದ್ದರು. ಎದುರಿಗೆ ಅವರು.

"ಒಬ್ಬರಿಗೇ ಹೇಳಿದ್ದು ಸರ್" ಎನ್ನುತ್ತಿದ್ದರು. "ತಪ್ಪೇ, ಒಪ್ಕೋತೀನಿ. ಆದ್ರೆ ಒಬ್ಬರಿಗೇ." ಅಷ್ಟರಲ್ಲಿ ನನ್ನನ್ನು ಕಂಡರು. ಅವರ ಮುಖ ಬಿಡುಗಡೆಯಾದಂತೆ ಬೆಳಗಿತು. "ಇವರೇ ಸರ್. ಪ್ರತಿ ಬುಧವಾರ ಬರ್ತಾರೆ. ಬೇಕಿದ್ರೆ ಕೇಳಿ."

ಮ್ಯಾನೇಜರು ತಿರುಗಿದರು. ಫಿಸಿಯೋ ತಿರುಗಿದಳು. ಎಕ್ಸ್‌ರೇಯವಳ ಹುಬ್ಬು ಮೇಲೇರಿತು. "ಪ್ರತಿ ಬುಧವಾರಾನಾ?" ಎಂದಳು, ಅರ್ಧ ನಗುತ್ತಾ. ಅವಳ ಕಣ್ಣು ಅವರ ಸವೆದ ಶೂಗಳಿಂದ ಅಳತೆ ಟೇಪಿನವರೆಗೆ ಏರಿ, ನನ್ನ ಮೇಲೆ ಬಂದು ನಿಂತಿತು.

"ಇವರು ನಿಮಗೆ ಗೊತ್ತಾ ಮೇಡಂ?" ಎಂದರು ಮ್ಯಾನೇಜರು.

"ಇಲ್ಲ" ಎಂದೆ. "ನನಗೆ ಗೊತ್ತಿಲ್ಲ. ಯಾರನ್ನೋ ನೋಡಿ ನಾನು ಅಂದ್ಕೊಂಡಿರಬೇಕು."

ಹೇಳುವ ಮೊದಲು ನನ್ನ ಕಣ್ಣು ಪಕ್ಕಕ್ಕೆ ಸರಿದದ್ದು ನನಗೇ ಗೊತ್ತಾಯಿತು.

ಅವರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಬಸ್ಸು ತಪ್ಪಿದವರು ರಸ್ತೆಯನ್ನು ನೋಡುತ್ತಾರಲ್ಲ, ಹಾಗೆ. ಆಮೇಲೆ ಮೆಲ್ಲಗೆ, "ಹೌದು ಸರ್, ನಾನೇ ತಪ್ಪು ತಿಳ್ಕೊಂಡೆ. ಇವರಲ್ಲ" ಎಂದರು.

ನನ್ನನ್ನು ಉಳಿಸಿದರು. ಅಲ್ಲಿ, ಆ ಗಳಿಗೆಯಲ್ಲಿಯೂ.

ಮುಂದಿನ ಬುಧವಾರ ನಾನು ಹೋಗಲಿಲ್ಲ. ಅದರ ಮುಂದಿನ ಬುಧವಾರ ಎದುರಿನ ಫುಟ್‌ಪಾತಿನಲ್ಲಿ ಎರಡು ಸಲ ಓಡಾಡಿ, ಒಳಹೊಕ್ಕೆ. ಟೆಂಟುಗಳ ಹತ್ತಿರ ಬೇರೆ ಯಾರೋ ನಿಂತಿದ್ದರು. ಬಿಲ್ಲಿಂಗಿನಾಕೆಯನ್ನು ಕೇಳಿದೆ.

"ಅವರಾ? ಹಿಂದೆ ರಿಪೇರಿ ರೂಮಲ್ಲಿ ಕೂರಿಸಿದಾರೆ. ತಿಂಗಳ ಕೊನೆಗೆ ಹೆಡ್ ಆಫೀಸಿಗೆ ರಿಪೋರ್ಟ್ ಹೋಗುತ್ತೆ, ಉಳೀತಾರೋ ಇಲ್ವೋ. ಹೇಳಿದ್ದು ಅಷ್ಟೇನೂ ದೊಡ್ಡದಲ್ಲ ಬಿಡಿ, ಎಲ್ಲರೂ ಹೇಳ್ತಾರೆ. ಊರಿಗೆಲ್ಲಾ ಹಂಚಿ, ಒಬ್ಬರಿಗೇ ಹೇಳಿದ್ದು ಅಂತ ಸುಳ್ಳು ಬೇರೆ ಹೇಳಿದ್ರಲ್ಲ, ಅದು ಸಾಹೇಬರಿಗೆ ತಡೀಲಿಲ್ಲ." ಬಿಲ್ ಹರಿಯುತ್ತಾ ತಲೆ ಎತ್ತಿದಳು. "ನಿಮಗೇನು ಬೇಕಿತ್ತು?"

"ಏನಿಲ್ಲ" ಎಂದು ಹೊರಬಂದೆ. ಹೌದು, ಅದನ್ನು ಕೇಳಿಯೂ ಹೊರಬಂದೆ.

ಮನೆಯಲ್ಲಿ ಅತ್ತಿಗೆ ಒಗೆದ ಬಟ್ಟೆಗಳನ್ನು ಹಾಸಿಗೆಯ ಮೇಲೆ ಸುರಿದುಕೊಂಡು ಮಡಚುತ್ತಿದ್ದರು. ಅಣ್ಣನ ಮದುವೆಯಾದಾಗಿನಿಂದ ನನ್ನ ಮುಖವನ್ನು ಓದುವುದು ಅವರ ಕಸುಬು. "ಎರಡು ವಾರದಿಂದ ನೋಡ್ತಿದೀನಿ, ನೀರಲ್ಲಿ ನೆನೆದ ಬೆಕ್ಕಿನ ಹಾಗಿದೀಯ. ಏನಾಯ್ತೇ?"

ಒಂದು ಕಾಲುಚೀಲದ ಜೋಡಿ ಹುಡುಕುತ್ತಾ ಎಲ್ಲವನ್ನೂ ಹೇಳಿದೆ.

"ಅವರ ಮುಂದೇನೇ ಗೊತ್ತಿಲ್ಲ ಅಂದ್ಯಾ?"

"ಹೂಂ."

"ಅವರು ಬೈಲಿಲ್ವಾ?"

"ಇಲ್ಲ. ತಾನೇ ತಪ್ಪು ತಿಳ್ಕೊಂಡೆ ಅಂದ್ರು."

ಅತ್ತಿಗೆ ಕೈಯಲ್ಲಿದ್ದ ಟವೆಲ್ಲನ್ನು ಕೆಳಗಿಟ್ಟರು. "ಅಯ್ಯೋ. ಬೈದಿದ್ರೆ ಎಷ್ಟು ಚೆನ್ನಾಗಿತ್ತಲ್ವಾ?"

ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಅತ್ತಿಗೆ ಸಮಾಧಾನ ಮಾಡಲಿಲ್ಲ. ಟವೆಲ್ಲನ್ನು ನನ್ನ ಕಡೆ ತಳ್ಳಿದರು. "ಮುಖ ಒರೆಸ್ಕೋ. ಅವರ ಕೆಲಸ ಹೋಗೋದು ತಿಂಗಳ ಕೊನೆಗೆ ಅಂದೆ. ನಾಳೆ ರಜೆ ಹಾಕು."

"ಏನಂತ ಹೋಗಲಿ ಅತ್ತಿಗೆ? ಟೆಂಟ್ ನೆಪ ಹೇಳ್ಕೊಂಡಾ?"

"ಆ ನೆಪಾನೇ ನಿನ್ನನ್ನ ಇಲ್ಲಿ ತನಕ ತಂದಿದ್ದು. ಮೊದಲು ಅದನ್ನ ಮುಗಿಸು."

ಗುರುವಾರ ಬೆಳಿಗ್ಗೆ ಅಂಗಡಿ ತೆರೆಯುವಾಗ ಬಾಗಿಲಲ್ಲಿದ್ದೆ. ಗಾಜಿನ ಮೇಲೆ 'ನಾಳೆಯಿಂದ ಸೇಲ್' ಎಂದು ದೊಡ್ಡ ಹಾಳೆ ಅಂಟಿಸಿದ್ದರು. ನಾನು ನೇರ ಹೋಗಿ ಟೆಂಟ್ ತೆಗೆದುಕೊಂಡು ಬಿಲ್ ಮಾಡಿಸಿದೆ. "ನಾಳೆ ಬಂದ್ರೆ ಅರ್ಧಕ್ಕೆ..." ಎಂದಳು ಬಿಲ್ಲಿಂಗಿನಾಕೆ, ಪಾಪ, ತಡೆಯಲಾರದೆ. "ಗೊತ್ತು" ಎಂದೆ. ಡಬ್ಬ ಹಿಡಿದುಕೊಂಡೇ ಮ್ಯಾನೇಜರ ಕೋಣೆಗೆ ಹೋದೆ.

ಮ್ಯಾನೇಜರಿಗೆ ನೆಗಡಿಯಾಗಿತ್ತು. ನನ್ನ ಮಾತನ್ನೆಲ್ಲ ಕರವಸ್ತ್ರದ ಹಿಂದಿನಿಂದ ಕೇಳಿ, "ಬರೆದು ಕೊಡಿ" ಎಂದರು.

ಬರೆದೆ. 'ಹಸಿರು ಚುಕ್ಕೆಯ ವಿಷಯವನ್ನು ಅವರು ಹೇಳಿದ್ದು ನನಗೊಬ್ಬಳಿಗೇ. ಹರಡಿದವಳು ನಾನು. ಅವರನ್ನು ಅರಿಯೆನೆಂದು ನಿಮ್ಮೆದುರು ನಾನು ಹೇಳಿದ್ದು ಸುಳ್ಳು.'

ಅವರು ಓದಿದರು. "ಯಾಕೆ ಸುಳ್ಳು ಹೇಳಿದ್ರಿ ಅನ್ನೋದನ್ನೂ ಹಾಕಿ ಮೇಡಂ. ಹೆಡ್ ಆಫೀಸಿನವರು ಅದನ್ನೇ ಕೇಳೋದು."

ಒಂದು ಸಾಲು ಬರೆದು ಹೊಡೆದುಹಾಕಿದೆ. ಇನ್ನೊಂದು ಬರೆದೆ. 'ಆರು ಬುಧವಾರ ನಾನು ಬಂದದ್ದು ಅವರನ್ನು ನೋಡಲು. ಗೆಳತಿಯರಿಗೆ ಅದು ತಿಳಿದರೆ ನಗುತ್ತಾರೆಂದು ನಾಚಿಕೊಂಡೆ.'

ಮ್ಯಾನೇಜರು ಓದಿ, ಮೂಗೊರೆಸಿಕೊಂಡು, ಮತ್ತೊಮ್ಮೆ ಓದಿದರು. ಅವರ ಕಿವಿಯೂ ಕೆಂಪಾಯಿತು. "ಇದನ್ನ... ಹೀಗೇ ಕಳಿಸ್ಲಾ? ಅಲ್ಲಿ ಮೂರು ಜನ ಓದ್ತಾರೆ."

"ಕಳಿಸಿ."

"ಒಂದು ಎಚ್ಚರಿಕೆ ಪತ್ರ ಕೊಟ್ಟು ಬಿಟ್ಬಿಡ್ತೀನಿ ಅವರಿಗೆ. ಮುಂದಿನ ತಿಂಗಳಿಂದ ಟೆಂಟ್ ಕೌಂಟರ್‌ಗೆ ವಾಪಸ್." ಹಾಳೆಯನ್ನು ಫೈಲಿನಲ್ಲಿ ಮಗುಚಿ ಇಟ್ಟು, ನನ್ನ ಕಡೆ ನೋಡದೆ, "ರಿಪೇರಿ ರೂಮು ಎಡಗಡೆ" ಎಂದರು.

ಅಲ್ಲಿ ಹೊಲಿಗೆ ಯಂತ್ರದ ಮುಂದೆ ಅವರು ಕೂತಿದ್ದರು. ಮಂಡಿಯ ಮೇಲೆ ಯಾರದೋ ಹರಿದ ಟೆಂಟಿನ ರಾಶಿ. ತಲೆ ಎತ್ತಿದರು, ಡಬ್ಬ ನೋಡಿದರು.

"ಇವತ್ತು ತಗೊಂಡ್ರಾ? ಸೇಲ್ ನಾಳೆ."

"ನಾಳೆ ತಗೊಂಡ್ರೆ ಟೆಂಟಿಗೆ ಬಂದ ಹಾಗಾಗ್ತಿತ್ತು. ಇನ್ನು ನನ್ನ ಹತ್ತಿರ ನೆಪ ಇಲ್ಲ." ಉಸಿರು ತೆಗೆದುಕೊಂಡೆ. "ಮ್ಯಾನೇಜರಿಗೆ ಬರೆದು ಕೊಟ್ಟೆ. ನಿಮಗೂ ಹೇಳಬೇಕು. ಆವತ್ತು ನಾಚಿಕೆ ಆಗಿದ್ದು ನಿಮ್ಮ ಬಗ್ಗೆ ಅಲ್ಲ ಅಂತ ಹೇಳೋಕೆ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ಅದೂ ಸುಳ್ಳೇ. ಅವಳು ನಿಮ್ಮ ಶೂ ನೋಡಿದಾಗ, ಒಂದು ಕ್ಷಣ, ನಿಮ್ಮ ಬಗ್ಗೆನೇ ಆಯ್ತು. ಅದಕ್ಕೇ ನನ್ನ ಮುಖ ನನಗೇ ನೋಡೋಕಾಗ್ತಿಲ್ಲ."

ಯಂತ್ರದ ಚಕ್ರದ ಮೇಲಿದ್ದ ಅವರ ಕೈ ಅಲ್ಲೇ ನಿಂತಿತು. ಗೋಡೆಯಾಚೆ ಯಾರೋ ಕಪಾಟು ಎಳೆಯುತ್ತಿದ್ದರು.

"ನೋವಾಯ್ತು" ಎಂದರು. "ಕೆಲಸದ್ದಲ್ಲ. ನಿಮ್ಮನ್ನ ಕಂಡ ಕೂಡಲೇ ಅಷ್ಟೊಂದು ಖುಷಿಪಟ್ಟೆನಲ್ಲ ಎಲ್ಲರೆದುರು, ಅದು."

"ನೋಡಿದೆ ನಾನು ಅದನ್ನ."

"ನೋಡಿದ್ರಿ ಅಂತಾನೇ ನೋವು."

ಡಬ್ಬವನ್ನು ಎದೆಗೆ ಅವುಚಿಕೊಂಡೆ. ಹೊರಡಲೇ ಎಂದುಕೊಂಡೆ. ಅವರು ದಾರ ಕಡಿದು, ತಲೆ ತಗ್ಗಿಸಿಕೊಂಡೇ, "ನಾನೂ ಒಂದು ಹೇಳಬೇಕು" ಎಂದರು. "ಕಟ್ಟಿ ನಿಲ್ಲಿಸಿದ್ನಲ್ಲ ಆ ಟೆಂಟು, ಅದು ಡಿಸ್‌ಪ್ಲೇ ಪೀಸ್. ಎರಡನೇ ಬುಧವಾರವೇ ಅದನ್ನ ಕಡಿಮೆಗೆ ಕೊಡಬಹುದಿತ್ತು. ಹೇಳಲಿಲ್ಲ."

"ಯಾಕೆ?"

"ಕೊಟ್ಟಿದ್ರೆ ಮೂರನೇ ಬುಧವಾರ ಬರ್ತಿದ್ರಾ?"

ಅಳುವಿನ ಹಿಂದೆ ಎಲ್ಲೋ ನಗು ಬಂದು, ಎರಡೂ ಸೇರಿ ಬಿಕ್ಕಳಿಕೆಯಾಯಿತು. ಅಷ್ಟರಲ್ಲಿ ನನ್ನ ಫೋನು ಕಿರುಚಿತು. ಫಿಸಿಯೋ. ಅವಳದು ಸ್ಪೀಕರ್ ಹಾಕದೆಯೂ ಕೋಣೆಗೆಲ್ಲ ಕೇಳುವ ಗಂಟಲು.

"ಬೀಪ್ ಮೇಡಂ, ಎಲ್ಲಿದೀಯೇ? ನಾಳೆ ಎಷ್ಟು ಗಂಟೆಗೆ ಹೋಗೋಣ ಟೆಂಟಿಗೆ?"

"ನಾನು ತಗೊಂಡೆ. ಅಂಗಡಿಯಲ್ಲೇ ಇದೀನಿ."

"ಇವತ್ತಾ? ತಲೆ ಕೆಟ್ಟಿದೆಯಾ ನಿಂಗೆ? ಕಾಯಿರಿ ಅಂತ ಊರಿಗೆಲ್ಲಾ ಹೇಳಿದೋಳು ನೀನು!"

ಅವರು ಸೂಜಿಗೆ ದಾರ ಪೋಣಿಸುವಂತೆ ನಟಿಸುತ್ತಿದ್ದರು. ದಾರ ಸೂಜಿಯ ಹತ್ತಿರ ಕೂಡ ಇರಲಿಲ್ಲ.

"ಆವತ್ತು ಗೊತ್ತಿಲ್ಲ ಅಂದೆನಲ್ಲ, ಅವರು ನನಗೆ ಗೊತ್ತು. ಚೆನ್ನಾಗಿ ಗೊತ್ತು" ಎಂದೆ. "ಅವರನ್ನ ನೋಡೋಕೇ ನಾನು ಪ್ರತಿ ಬುಧವಾರ ಬರ್ತಿದ್ದಿದ್ದು. ಈಗಲೂ ಅವರ ಜೊತೆಗೇ ಇದೀನಿ."

ಆ ಕಡೆಯಿಂದ "ಅಯ್ಯೋ ಕಳ್ಳೀ!" ಎಂಬ ಕೂಗು, ಹಿಂದೆ ಎಕ್ಸ್‌ರೇಯವಳ "ಏನು, ಏನಂತೆ?" ನಾನು ಫೋನ್ ಇಟ್ಟೆ. ಕೆನ್ನೆ, ಕಿವಿ, ಕತ್ತು ಎಲ್ಲ ಉರಿಯುತ್ತಿತ್ತು. ಸಂಜೆಯೊಳಗೆ ಅರವತ್ತು ಜನರಿಗೆ ಗೊತ್ತಾಗುತ್ತದೆ.

ಅವರು ಪಕ್ಕದ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. ಮಂಡಿಯ ಮೇಲಿದ್ದ ಬಟ್ಟೆಯ ಒಂದು ಅಂಚನ್ನು ಎತ್ತಿ ನನ್ನ ಕೈಗಿಟ್ಟರು.

"ಹೀಗೆ ಎಳೆದು ಹಿಡ್ಕೊಳ್ಳಿ. ಸಡಿಲ ಬಿಟ್ರೆ ಹೊಲಿಗೆ ಸೊಟ್ಟ ಆಗುತ್ತೆ."

"ಎಷ್ಟು ಹೊತ್ತು?"

"ಮೂಲೆಯಿಂದ ಮೂಲೆಗೆ ಹರಿದಿದೆ." ಆ ದಿನ ಮೊದಲ ಸಲ ಅವರು ನೇರವಾಗಿ ನನ್ನ ಕಣ್ಣು ನೋಡಿದರು. "ಅವಸರ ಇದೆಯಾ?"

ನಾನು ಕಣ್ಣು ಸರಿಸಲಿಲ್ಲ. "ಇಲ್ಲ" ಎಂದು, ಬಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತೆ.