ಏಳನೇ ನಂಬರಿಗೆ ಪೆನಾಲ್ಟಿ

“ಮೋಸ. ಇದು ಪಕ್ಕಾ ಮೋಸ ಕಣವ್ವ.”

ಪದ್ಮಿನಿ ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. ಒಂದು ತುತ್ತೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಳಿಯುವುದಾದರೂ ಹೇಗೆ? ನಿನ್ನೆಯ ಕಾರ್ ರೇಸಿನಲ್ಲಿ ಏಳನೇ ನಂಬರಿನ ಹಸಿರು ಕಾರು ಎಲ್ಲರಿಗಿಂತ ಮುಂಚೆ ಗೆರೆ ದಾಟಿತ್ತು. ಅದನ್ನು ಅವಳು ಮಾವನ ಫೋನಿನಲ್ಲಿ ಕಣ್ಣಾರೆ ನೋಡಿದ್ದಳು. ಆಮೇಲೆ ಯಾರೋ ನಾಲ್ಕು ಜನ ಕೂತು ಮಾತಾಡಿ, ಹತ್ತು ಸೆಕೆಂಡ್ ಪೆನಾಲ್ಟಿ ಹಾಕಿ, ಅದನ್ನು ನಾಲ್ಕನೇ ಸ್ಥಾನಕ್ಕೆ ಇಳಿಸಿಬಿಟ್ಟಿದ್ದರು.

“ಯಾರ್ಗಮ್ಮಿ ಮೋಸ ಆಯ್ತು?” ಅವ್ವ ರತ್ನ ಒಲೆ ಮುಂದಿನಿಂದಲೇ ಕೇಳಿದಳು.

“ನಮ್ಮ ಏಳನೇ ನಂಬರ್‌ಗೆ.”

“ಅದು ನಮ್ದು ಯಾವಾಗ ಆಯ್ತು? ಸುಮ್ಕೆ ಉಪ್ಪಿಟ್ಟು ತಿಂದು ಇಸ್ಕೂಲ್‌ಗೆ ಓಗು.”

ಅವ್ವನಿಗೆ ರೇಸ್ ಅಂದರೆ ಏನೆಂದು ಗೊತ್ತಿಲ್ಲ. ಒಂದು ತಿಂಗಳ ಹಿಂದೆ ಪದ್ಮಿನಿಗೂ ಗೊತ್ತಿರಲಿಲ್ಲ, ಅದು ಬೇರೆ ಮಾತು. ಒಂದು ಸಂಜೆ ಅವ್ವನ ತಮ್ಮ ದೇವರಾಜು ಮಾವ ತನ್ನ ಪಿಕಪ್ ಗಾಡಿಯಲ್ಲಿ ಕೂತು ಫೋನಿನಲ್ಲಿ ಕಾರ್ ರೇಸ್ ನೋಡುತ್ತಿದ್ದ. ಏನದು ಎಂದು ಇವಳು ಇಣುಕಿದಳು. ಅಷ್ಟೇ, ಹುಚ್ಚು ಹತ್ತಿತು. ಅಂದಿನಿಂದ ಧನಗೆರೆ ಊರಿನಲ್ಲಿ ಯಾರಿಗೂ ನೆಮ್ಮದಿ ಇಲ್ಲ.

ಶಾಲೆಯಲ್ಲಿ ನೀರು ಕುಡಿಯಲು ಬಿಟ್ಟರೆ, ರೇಸ್ ಕಾರು ಟೈರ್ ಬದಲಿಸಲು ಹೋದಂತೆ, “ಪಿಟ್ ಸ್ಟಾಪ್” ಎಂದು ಕೂಗಿಕೊಂಡು ಓಡುವುದು. ಕೊಳ್ಳೇಗಾಲದ ಬಸ್ಸಿನಲ್ಲಿ ಕೂತರೆ “ಇನ್‌ಸೈಡಲ್ಲಿ ಜಾಗ ಐತೆ ಡ್ರೈವರಣ್ಣ, ನುಗ್ಸಿ” ಎಂದು ಪಾಪ ಆ ಡ್ರೈವರಿಗೇ ಬುದ್ಧಿ ಹೇಳುವುದು. ಅವಳ ಹಳೇ ಸೈಕಲ್ಲಿಗೆ ಈಗ ರಟ್ಟಿನ ಮೇಲೆ ಬರೆದ ದೊಡ್ಡ ಏಳು ಬಂದು ಕೂತಿತ್ತು. ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲು ಹೇಳಿದರೂ ಊರಿಗೆ ಎರಡು ಲ್ಯಾಪ್ ಹೊಡೆದೇ ತರುತ್ತಿದ್ದಳು. ಸೊಪ್ಪು ಅಷ್ಟರಲ್ಲಿ ಬಾಡಿರುತ್ತಿತ್ತು.

ಶಾಲೆಗೆ ಹೋಗುವ ದಾರಿಯಲ್ಲಿ ಶಂಕರ್ ಸಿಕ್ಕಿದ. ಅವನು ಅವಳ ಚಿಕ್ಕಮ್ಮನ ಮಗ, ಒಂದೇ ಕ್ಲಾಸು. ರೇಸಿನ ಹುಚ್ಚನ್ನು ಅವನಿಗೆ ಅಂಟಿಸಿದ್ದೂ ಇವಳೇ.

“ಅಳದಿ ಬಾವುಟ ಆಡುಸ್ತಿದ್ರು ಕಣಮ್ಮಿ,” ಎಂದ ಅವನು. “ಆಗ ಓವರ್‌ಟೇಕ್ ಮಾಡಂಗಿಲ್ಲ. ನಿನ್ನ ಏಳನೇ ನಂಬರ್ ಮಾಡ್ತು. ಅದ್ಕೇ ಪೆನಾಲ್ಟಿ.”

“ಓವರ್‌ಟೇಕ್ ಮಾಡ್ದೆ ಇದ್ರೆ ಅದ್ಯಾವ ರೇಸ್ಲಾ? ಮದ್ವೆ ದಿಬ್ಬಣನಾ, ಒಬ್ರ ಇಂದೆ ಒಬ್ರು ಓಗಕೆ?”

“ರೂಲ್ಸ್ ಅಂದ್ರೆ ರೂಲ್ಸು.”

“ಗೆದ್ದೋರ್ನ ಕಂಡ್ರೆ ಒಟ್ಟೆಕಿಚ್ಚು. ಅದ್ಕೇ ರೂಲ್ಸು.”

ಶಂಕರ್ ಹೆಜ್ಜೆ ಜೋರು ಮಾಡಿದ. ಅವಳ ಮುಖ ನೋಡಿದರೆ ಯಾರಾದರೂ ಜೋರು ಮಾಡುತ್ತಿದ್ದರು.

ಆ ವಾರವೇ ಮಾವ ಒಂದು ಸುದ್ದಿ ತಂದ. ಅವನು ವಾರಕ್ಕೊಮ್ಮೆ ಎಳನೀರು ತುಂಬಿಕೊಂಡು, ದಿಂಬಂ ಘಾಟಿ ಇಳಿದು ಕೊಯಮತ್ತೂರಿಗೆ ಹೋಗುತ್ತಿದ್ದ.

“ಈ ಭಾನ್ವಾರ ಅಲ್ಲಿ ನಿಜ್ವಾದ ರೇಸ್ ಐತೆ ಕಣ್ರುಲಾ. ಲೋಡ್ ಇಳ್ಸಿ ನೋಡ್ಕಂಡು ಬರೋದು. ಆದ್ರೆ ಸೀಟು ಒಂದೇ ಇರೋದು. ಇನ್ನೊಂದ್ರಲ್ಲಿ ಲೋಡ್ ಇಳ್ಸಕೆ ಪುಟ್ಟಸಿದ್ದಯ್ಯ ಬತ್ತಾನೆ.”

“ನಾನು,” ಎಂದಳು ಪದ್ಮಿನಿ.

“ನಾನು,” ಎಂದ ಶಂಕರ್.

ಮಾವ ತಲೆ ಕೆರೆದುಕೊಂಡ. ಅವನ ಇಬ್ಬರು ಅಕ್ಕಂದಿರೂ ಇದೇ ಊರಿನಲ್ಲಿದ್ದರು. ಯಾರ ಮಗುವನ್ನು ಬಿಟ್ಟರೂ ಅವನಿಗೆ ಮಂಗಳಾರತಿ ತಪ್ಪಿದ್ದಲ್ಲ. ಕೊನೆಗೆ ಅವನೇ ಒಂದು ಉಪಾಯ ಹೇಳಿದ. ಶನಿವಾರ ಶಾಲೆ ಬಿಟ್ಟ ಮೇಲೆ ಸೈಕಲ್ ರೇಸ್. ಕೆರೆ ಏರಿಯಿಂದ ಹಾಲಿನ ಡೈರಿಯವರೆಗೆ. ಮೊದಲು ಬಂದವರಿಗೆ ಸೀಟು.

ಶುಕ್ರವಾರ ಪದ್ಮಿನಿ ಸೈಕಲ್ ಚೈನಿಗೆ ಕೊಬ್ಬರಿ ಎಣ್ಣೆ ಬಿಟ್ಟಳು. ತಲೆಗೆ ಎಣ್ಣೆ ಇಲ್ಲವಲ್ಲ ಎಂದು ಅವ್ವ ಕೂಗಾಡಿದಳು.

ಶನಿವಾರ ಬಂತು. ಕೆರೆ ಏರಿಯ ಮೇಲೆ ಪುಟ್ಟಸಿದ್ದಯ್ಯ “ರೆಡಿ, ಒನ್, ಟೂ, ತ್ರೀ” ಎಂದ. ಇಬ್ಬರೂ ಹೊರಟರು.

ಶಂಕರನ ಸೈಕಲ್ ಹೊಸದು. ಇಳಿಜಾರು ಮುಗಿಯುವ ಹೊತ್ತಿಗೆ ಅವನು ಮುಂದೆ ಹೋಗಿಬಿಟ್ಟ. ಪದ್ಮಿನಿ ಹಲ್ಲು ಕಚ್ಚಿ ತುಳಿದಳು. ಹುಣಸೆಮರದ ತಿರುವು ಬಂತು. ತಿರುವಿನಾಚೆ ಚಿಕ್ಕನಿಂಗಮ್ಮಜ್ಜಿಯ ಒಕ್ಕಣೆ. ಅಜ್ಜಿ ಎಂದರೆ ಇವರಿಬ್ಬರಿಗೂ ಅಜ್ಜಿ, ಮಾವನ ಅವ್ವ.

ಹುರುಳಿ ಕಿತ್ತ ಕಾಲದಲ್ಲಿ ಆ ಊರವರೆಲ್ಲ ಗಿಡಗಳನ್ನು ತಂದು ರಸ್ತೆಗೆ ಹರಡುತ್ತಾರೆ. ಬಸ್ಸು, ಟ್ರಾಕ್ಟರು, ಸ್ಕೂಟರು ಅದರ ಮೇಲೆ ಓಡಾಡಿ ಕಾಯಿ ಒಡೆದು ಕೊಡುತ್ತವೆ. ನಡುನಡುವೆ ಗಿಡ ಮಗುಚಬೇಕು, ಆಚೆ ಸಿಡಿದ ಕಾಳನ್ನು ಗುಡಿಸಿ ಒಳಗೆ ಹಾಕಬೇಕು. ಅದಕ್ಕೆ ಅಜ್ಜಿಯದೊಂದು ಲೆಕ್ಕವಿತ್ತು. ರಸ್ತೆಗೆ ಇಳಿಯುವ ಮುಂಚೆ ಒಕ್ಕಣೆಯ ಎರಡು ತುದಿಗೂ ಒಂದೊಂದು ಕೋಲು ನಿಲ್ಲಿಸುತ್ತಿದ್ದಳು. ಕೋಲಿನ ತುದಿಗೆ ಹಳೇ ಅರಿಶಿನ ಬಣ್ಣದ ಸೀರೆಯ ಚೂರು. ಕೋಲು ನಿಂತಿದ್ದರೆ ಒಳಗೆ ಆಳು ಇದೆ ಎಂದರ್ಥ, ನಿಂತು ಕಾಯಬೇಕು. ಕೋಲು ಮಲಗಿದ್ದರೆ ಧಾರಾಳವಾಗಿ ತುಳಿದುಕೊಂಡು ಹೋಗಬಹುದು. ಕೊಳ್ಳೇಗಾಲದ ಬಸ್ಸಿನ ಡ್ರೈವರಿಗೂ ಇದು ಗೊತ್ತಿತ್ತು.

ಅವತ್ತು ಕೋಲು ನಿಂತಿತ್ತು. ಅಜ್ಜಿ ಬೆನ್ನು ಬಾಗಿಸಿ ಗುಡಿಸುತ್ತಿದ್ದಳು.

ಶಂಕರ್ ಬ್ರೇಕ್ ಹಾಕಿ ಒಂದು ಕಾಲು ಕೆಳಗೂರಿದ.

ಪದ್ಮಿನಿಗೆ ಕಂಡದ್ದು ಒಂದೇ. ಅಜ್ಜಿಗೂ ರಸ್ತೆಯ ಅಂಚಿಗೂ ನಡುವೆ ಜಾಗವಿದೆ. ಇನ್‌ಸೈಡಲ್ಲಿ ಜಾಗ ಇದೆ. ನುಗ್ಗಿಸಿದಳು.

ಚಕ್ರದ ಕೆಳಗೆ ಹುರುಳಿಕಾಯಿ ಪಟಪಟನೆ ಒಡೆದವು. ಹ್ಯಾಂಡಲ್ ಓಲಾಡಿತು. ಅಜ್ಜಿ ಬೆಚ್ಚಿ ಹಿಂದಕ್ಕೆ ಸರಿದಳು, ಕಾಲು ಜಾರಿತು, ಕೂತೇಬಿಟ್ಟಳು. “ಅಯ್ಯೋ ಕೂಸೇ” ಎಂದದ್ದು ಪದ್ಮಿನಿಗೆ ಕೇಳಿಸಿತು. ಹಿಂದಿರುಗಿ ನೋಡಲಿಲ್ಲ. ಡೈರಿ ಕಾಣುತ್ತಿತ್ತು.

“ಏಳನೇ ನಂಬರ್ ಫಸ್ಟು,” ಎಂದು ಮಾವ ಟವಲ್ ಬೀಸಿದ.

ಶಂಕರ್ ಬಂದದ್ದು ಎಷ್ಟೋ ಹೊತ್ತಿನ ಮೇಲೆ, ಸೈಕಲ್ ತಳ್ಳಿಕೊಂಡು.

“ಮಾವ, ಕೋಲು ನಿಂತಿತ್ತು. ಪದ್ದಿ ಅಲ್ಲೇ ಓವರ್‌ಟೇಕ್ ಮಾಡುದ್ಲು. ಅಜ್ಜಿ ಬಿದ್ದೋಯ್ತು. ಎಬ್ಬುರ್ಸಿ ಬಂದೆ.”

“ನಾನೇನು ಗುದ್ನಾ?” ಪದ್ಮಿನಿಗೆ ಮೈಯೆಲ್ಲ ಉರಿಯಿತು. “ಅಜ್ಜಿನೇ ಇಂದಕ್ಕೆ ಓಗಿದ್ದು. ನೀನು ನಿಂತ್ಕ ಅಂತ ನಾನು ಯೋಳಿದ್ನಾ? ಸೋತೋರೆಲ್ಲ ಇಂಗೇ ಅನ್ನೋದು.”

“ಏಟಾಯ್ತೇನ್ಲಾ ಅವ್ವುಂಗೆ?” ಎಂದ ಮಾವ.

“ಮೊಣಕೈ ತರಚೈತೆ.”

ಮಾವ ಪದ್ಮಿನಿಯನ್ನು ಒಂದು ಸಲ ನೋಡಿದ. “ಫಸ್ಟು ಬಂದದ್ದೇನೋ ಅವ್ಳೇ,” ಎಂದಷ್ಟೇ ಹೇಳಿ ಒಕ್ಕಣೆಯ ಕಡೆ ಹೋದ.

ಗೆದ್ದವರಿಗೆ ಒಂದು ಶಹಬ್ಬಾಸ್ ಕೂಡ ಇಲ್ಲ. ಇದೆಂಥಾ ನ್ಯಾಯ? ಏಳನೇ ನಂಬರಿನ ಡ್ರೈವರಿಗೆ ಎಷ್ಟು ಸಿಟ್ಟು ಬಂದಿರಬೇಕು ಎಂದು ಪದ್ಮಿನಿಗೆ ಆಗ ಸರಿಯಾಗಿ ಅರ್ಥವಾಯಿತು.

ಸಂಜೆ ಅಜ್ಜಿಯ ಮನೆಗೆ ಹೋದಳು. ಹೋಗುವಾಗಲೇ ಉತ್ತರಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದಳು. ರಸ್ತೆ ಇರುವುದು ಗಾಡಿಗೆ, ಹುರುಳಿಗಲ್ಲ. ನಾನು ಮುಟ್ಟಲೂ ಇಲ್ಲ. ರೇಸ್ ಅಂದರೆ ಹಾಗೇ.

ಅಜ್ಜಿ ಜಗಲಿಯ ಮೇಲೆ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಮೊಣಕೈಗೆ ಅರಿಶಿನ ಮೆತ್ತಿತ್ತು.

“ಗೆದ್ಯಂತಲ್ಲಾ ಕೂಸೇ. ಸ್ವೆಟ್ರು ತಕಂಡೋಗು. ಗಾಟೀಲಿ ಚಳಿ ಇರ್ತದೆ.”

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಉತ್ತರಗಳೆಲ್ಲ ಬಾಯಲ್ಲೇ ಉಳಿದು ಪದ್ಮಿನಿಗೆ ಅಜ್ಜಿಯ ಮೇಲೂ ಸಿಟ್ಟು ಬಂತು.

“ಮಾವ, ಫೋನ್ ಕೊಡು,” ಎಂದಳು ಬಾಗಿಲಲ್ಲಿ ಕೂತಿದ್ದ ಮಾವನಿಗೆ.

ಏಳನೇ ನಂಬರಿಗಾದ ಮೋಸವನ್ನು ಇನ್ನೊಮ್ಮೆ ನೋಡಬೇಕಿತ್ತು. ಶಂಕರನ ಮುಖಕ್ಕೆ ಹಿಡಿದು ತೋರಿಸಬೇಕಿತ್ತು. ರೇಸನ್ನು ಮುಂದಕ್ಕೆ ಎಳೆದು, ಸರಿಯಾಗಿ ಆ ಜಾಗಕ್ಕೆ ತಂದಳು. ಅದೇ ತಿರುವು. ಅಲ್ಲಾಡುತ್ತಿರುವ ಹಳದಿ ಬಾವುಟ. ಮುಂದಿನ ಕಾರು ನಿಧಾನವಾಯಿತು. ಹಸಿರು ಕಾರು ಒಳಗಡೆಯಿಂದ ನುಗ್ಗಿತು.

ಇಷ್ಟು ದಿನ ಅವಳು ನೋಡುತ್ತಿದ್ದದ್ದು ಹಸಿರು ಕಾರನ್ನು ಮಾತ್ರ. ಈಗ ಯಾಕೋ ಕಣ್ಣು ರಸ್ತೆಯ ಅಂಚಿಗೆ ಹೋಯಿತು. ಅಲ್ಲೊಂದು ಮುರಿದ ಕಾರು ನಿಂತಿತ್ತು. ಅದರ ಪಕ್ಕದಲ್ಲಿ ಕಿತ್ತಳೆ ಬಣ್ಣದ ಬಟ್ಟೆ ಹಾಕಿಕೊಂಡ ಒಬ್ಬ ಮನುಷ್ಯ. ಬೆನ್ನು ಬಾಗಿಸಿ ಏನನ್ನೋ ಗುಡಿಸುತ್ತಿದ್ದ. ಕೈಯಲ್ಲಿ ಪೊರಕೆ.

ಹಸಿರು ಕಾರು ಅವನ ಪಕ್ಕದಲ್ಲೇ ಹಾದುಹೋಯಿತು. ಅವನು ಬೆಚ್ಚಿ ಹಿಂದಕ್ಕೆ ಸರಿದ. ಕಾಲು ಜಾರಿ ಕೂತುಬಿಟ್ಟ.

ಪದ್ಮಿನಿ ಮತ್ತೆ ಹಿಂದಕ್ಕೆ ಎಳೆದಳು. ಮತ್ತೆ ನೋಡಿದಳು. ಮತ್ತೊಮ್ಮೆ ಎಳೆದಳು. ಪ್ರತಿ ಸಲವೂ ಅವನು ಹಾಗೇ ಕೂತುಬಿಡುತ್ತಿದ್ದ. ಕಾರಿನಲ್ಲಿದ್ದವನು ಒಂದು ಸಲವೂ ಹಿಂದಿರುಗಿ ನೋಡಲಿಲ್ಲ.

“ಇವ್ರು ಯಾರು ಮಾವ?”

ಮಾವ ಬಗ್ಗಿ ನೋಡಿದ. “ಅವ್ರಾ? ಟ್ರ್ಯಾಕ್ ಗುಡ್ಸೋರು.”

ಜಗಲಿಯಲ್ಲಿ ಅಜ್ಜಿ ಮೊರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ನೋವಿರುವ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಪದ್ಮಿನಿ ಫೋನನ್ನು ಮಗುಚಿಟ್ಟಳು.

“ಮಾವ, ಅತ್ತು ಸೆಕೆಂಡ್ ಪೆನಾಲ್ಟಿ ಆಕುದ್ರೆ ನಾನು ಎಷ್ಟ್ನೇದು?”

“ಇದ್ದೋರೇ ಇಬ್ರು. ಎಲ್ಡ್ನೇದು.”

“ಅಂಗಾದ್ರೆ ಆಕು,” ಎಂದಳು ಪದ್ಮಿನಿ ಜಗಳ ಕಾಯುವವಳಂತೆ. “ಯಾಕೆ ಆಕ್ನಿಲ್ಲ ನೀನು? ನೀನೆಂಥಾ ರೆಫ್ರಿ?”

ಭಾನುವಾರ ಬೆಳಿಗ್ಗೆ ಎಳನೀರು ತುಂಬಿದ ಪಿಕಪ್ ಹುಣಸೆಮರದ ತಿರುವಿಗೆ ಬಂದು ನಿಂತಿತು. ಅಜ್ಜಿ ಒಕ್ಕಣೆಯೊಳಗಿದ್ದಳು. ಆ ತುದಿಯ ಕೋಲು ನೆಲದಲ್ಲಿ ನಿಂತಿತ್ತು. ಈ ತುದಿಯದನ್ನು ಪದ್ಮಿನಿ ಹಿಡಿದುಕೊಂಡಿದ್ದಳು. ಕಿಟಕಿಯಲ್ಲಿ ಶಂಕರನ ಮುಖ ಕಂಡಿತು. ಅವಳಿಗೆ ಸಿಟ್ಟು ಬಂತು. ಅವಳ ಸೀಟಿನಲ್ಲಿ ಅವಳದೇ ಸ್ವೆಟರ್ ಹಾಕಿಕೊಂಡು ಕೂತಿದ್ದ.

“ಎಲ್ಲಾ ಲ್ಯಾಪೂ ನೋಡ್ಕ ಬರ್ಬೇಕು,” ಎಂದಳು. “ಗುಡ್ಸೋರು ಎಲ್ಲಿ ನಿಂತವ್ರೆ ಅಂತಾನೂ ನೋಡ್ಕ ಬಾ.”

ಶಂಕರ್ ತಲೆಯಾಡಿಸಿದ.

ಅಷ್ಟರಲ್ಲಿ ಹಿಂದಿನಿಂದ ಒಂದು ಬೈಕು ಹಾರ್ನ್ ಹೊಡೆಯುತ್ತಾ ಬಂತು. ನಿಂತಿದ್ದ ಪಿಕಪ್ಪನ್ನು ಬಳಸಿ, ಹುರುಳಿಯ ಮೇಲೆ ನುಗ್ಗಿ, ಅಜ್ಜಿಯ ಪಕ್ಕದಲ್ಲೇ ಸುಯ್ಯನೆ ಹೋಯಿತು. ಅಜ್ಜಿ ಪೊರಕೆ ಹಿಡಿದುಕೊಂಡೇ ಅಂಚಿಗೆ ಸರಿದಳು.

“ರೀ ಅಣ್ಣಾ, ಬಟ್ಟೆ ಕಾಣಾಕಿಲ್ವಾ ನಿಮ್ಗೆ? ಅತ್ತು ಸೆಕೆಂಡ್ ಪೆನಾಲ್ಟಿ ನಿಮ್ಗೆ. ಅತ್ತಲ್ಲ, ನೂರು!” ಎಂದು ಪದ್ಮಿನಿ ಕೂಗಿದಳು.

ಬೈಕಿನವನು ಹಿಂದಿರುಗಿ ನೋಡಲಿಲ್ಲ. ಪದ್ಮಿನಿಯ ಕಿವಿ ಬಿಸಿಯಾಯಿತು. ಆಮೇಲೆ ಕೋಲನ್ನು ಎತ್ತಿಕೊಂಡು ಪಿಕಪ್ಪನ್ನು ದಾಟಿ, ಹುಣಸೆಮರವನ್ನೂ ದಾಟಿ, ತಿರುವಿನ ಆಚೆಯಿಂದ ಬರುವವರಿಗೂ ಕಾಣುವ ಜಾಗದಲ್ಲಿ ಹೋಗಿ ನಿಂತಳು.